ಮಾವನ ಮಾತು, ಅತ್ತೆಯ ಬಾಯಲ್ಲಿ

ದೋಣಿಗಲ್ಲಿನ ಸುಬ್ಬಯ್ಯನವರ ಮನೆಯಲ್ಲಿ ಸೊಸೆ ಮಾವನೆದುರು ಬಾಯಿ ತೆರೆಯುವ ರೂಢಿ ಇರಲಿಲ್ಲ. ಏನು ಕೇಳಬೇಕಾದರೂ ಅತ್ತೆ ಗಂಗಾಮಣಿಯ ಮೂಲಕವೇ. ಖಗೋಳ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಚೈತ್ರಶ್ರೀಯೂ ಮದುವೆಯಾಗಿ ಬಂದಾಗಿನಿಂದ ಇದನ್ನು ಮುರಿದಿರಲಿಲ್ಲ. ಮುರಿಯುವ ಸಂದರ್ಭವೂ ಬಂದಿರಲಿಲ್ಲ, ಬಿಡಿ.

೨೦೦೩ರ ಜನವರಿಯಲ್ಲಿ ಬಂತು. ಬಹುದೂರದ ಒಂದು ಗೆಲಾಕ್ಸಿಯ ನಡುಭಾಗ ರೇಡಿಯೋ ಅಲೆಗಳಲ್ಲಿ ಗಂಟೆಗಳೊಳಗೇ ಬೆಳಗಿ ಮಂಕಾಗುತ್ತಿತ್ತು. ಅದು ನಿಜಕ್ಕೂ ಮಿನುಗುತ್ತಿದೆಯೋ, ಇಲ್ಲ ದಾರಿಯ ನಡುವಿನ ಅನಿಲ ರೇಡಿಯೋ ಅಲೆಗಳನ್ನು ಅಲುಗಿಸಿ ನಮ್ಮನ್ನು ಮಂಗ ಮಾಡುತ್ತಿದೆಯೋ ಎಂಬುದೇ ಅವಳ ಪ್ರಶ್ನೆ. ಕಣ್ಣಿಗೆ ಕಾಣುವ ಬೆಳಕಿಗೆ ಆ ಅನಿಲದ ಆಟ ತಟ್ಟದು. ಬೆಳಕೂ ಜೊತೆಗೇ ಮಿನುಗಿದರೆ ಮಿನುಗು ನಿಜ. ಹಾಗಾಗಿ ಗೆಳೆಯರು ರೇಡಿಯೋ ದೂರದರ್ಶಕದಲ್ಲಿ, ಇವಳು ತಮಿಳುನಾಡಿನ ಬೆಟ್ಟದ ಮೇಲಿನ ದೂರದರ್ಶಕದಲ್ಲಿ, ಒಂದೇ ಹೊತ್ತಿಗೆ ಅದನ್ನು ನೋಡಬೇಕಿತ್ತು. ಮುಂದಿನ ವಾರಕ್ಕೆ ಸಿಕ್ಕ ಅವಕಾಶ ತಪ್ಪಿದರೆ ವರ್ಷಗಳ ಓದು ನೀರುಪಾಲು. ಆದರೆ ಮನೆಯ ತೋಟದಲ್ಲಿ ಕಾಫಿ ಕೊಯ್ಲೂ ಆಗಲೇ ಶುರುವಾಗಿ, ಎಲ್ಲರ ಕೈಯೂ ಬೇಕಿತ್ತು. ಅವಳು ಅತ್ತೆಯ ಮೂಲಕ ಮಾವನನ್ನು ಕೇಳಿಸಿದಳು.

“ಹೋಗ್ಲಿ ಅಂದ್ರು ಕಣೇ ನಿಮ್ ಮಾವ,” ಎಂದಳು ಗಂಗಾಮಣಿ ಬೆಳಿಗ್ಗೆ. ಮಧ್ಯಾಹ್ನಕ್ಕೆ, “ಬ್ಯಾಡ ಅಂತಾರೆ. ಸಿಟ್ಟಾಗ್ಬುಟ್ಟವ್ರೆ.” ಮಾರನೆಯ ದಿನ ಮತ್ತೆ ಹೋಗಲಿ, ಮತ್ತೆ ಬೇಡ. ಇವಳು ಮಾವನ ಹೆಸರೆತ್ತಿದ್ದೇ ತಡ, ಗಂಡ ಮೋಹನ್ “ನನ್ನ ಎಳೀಬ್ಯಾಡ ಮಾರಾಯ್ತಿ,” ಎಂದು ಕಾಫಿ ಸ್ಟೋರಿನ ಕಡೆ ಜಾರಿಕೊಂಡ. ಶೂರ!

ಮಾವನ ಈ ಗಳಿಗೆಗೊಂದು ಬಣ್ಣವನ್ನು ತಾನು ನೇರವಾಗಿ ನೋಡಿಯೇ ಇಲ್ಲವಲ್ಲ, ಎಲ್ಲಾ ಅತ್ತೆಯ ಬಾಯಿಂದ ಕೇಳಿದ್ದೇ ಎಂದು ಚೈತ್ರಶ್ರೀಗೆ ಥಟ್ಟನೆ ಹೊಳೆಯಿತು. ಸೀದಾ ಕಣಕ್ಕೆ ನಡೆದಳು. ಸುಬ್ಬಯ್ಯ ಬಿಸಿಲಲ್ಲಿ ಕಾಫಿ ಹಣ್ಣು ಹರವುತ್ತಿದ್ದರು.

“ಮಾವ, ನಾನು ಹೋಗ್ಲೇಬೇಕು. ಸಿಟ್ಟಿದ್ರೆ ನನ್ನೆದುರೇ ಬಯ್ದುಬಿಡಿ.”

ಅವಳಿಗಿಂತ ಅವರೇ ಹೆಚ್ಚು ಗಾಬರಿಯಾದರು. “ನಂಗ್ಯಾಕೆ ಸಿಟ್ಟು ತಾಯಿ? ಕೇಳಿದ್ ದಿನಾನೇ ಹೋಗಿ ಬರ್ಲಿ ಅಂದಿದ್ನಲ್ಲ! ನಿಂಗೇ ಮನಸ್ಸಿಲ್ಲ ಅಂದ್ಲು ನಿಮ್ಮತ್ತೆ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ! ಚೈತ್ರಶ್ರೀ ಉರಿಯುತ್ತಾ ಅಡುಗೆಮನೆಗೆ ನುಗ್ಗಿದಳು. ಗಂಗಾಮಣಿ ಒಲೆಯ ಮುಂದಿನಿಂದ ತಿರುಗಲಿಲ್ಲ.

“ಗೊತ್ತಾಯ್ತಾ? ಬಯ್ಯಿ. ಒಂದು ಗಳಿಗೆ, ಹೋಗ್ಲಿ ಪಾಪ, ಕಷ್ಟಪಟ್ಟು ಓದೈತೆ ಅನ್ಸುತ್ತೆ. ಇನ್ನೊಂದು ಗಳಿಗೆ, ಇವ್ಳು ಹೋದ್ರೆ ಈ ಮನೇಲಿ ನನ್ ಜೊತೆ ಮಾತಾಡೋರು ಯಾರು ಅನ್ಸುತ್ತೆ. ಆ ಗಂಡಸ್ರು ಕಾಫಿ ರೇಟು ಬಿಟ್ಟು ಇನ್ನೇನಾದ್ರೂ ಆಡ್ತಾರಾ?”

ಚೈತ್ರಶ್ರೀಯ ಕೋಪ ಅಲ್ಲೇ ಇಳಿಯಿತು. ಮಿನುಗುತ್ತಿದ್ದುದು ಮಾವನಲ್ಲ, ಈ ನಡುವಿನ ಜೀವ. ಹಿಂದಿನಿಂದ ಹೋಗಿ ಅತ್ತೆಯನ್ನು ಅಪ್ಪಿಕೊಂಡಳು. ಇಬ್ಬರೂ ಅತ್ತರು, ಪಲ್ಯ ತಳ ಹಿಡಿಯಿತು.

ಹೊರಡುವ ದಿನ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಗಂಗಾಮಣಿ ಚೀಲವನ್ನು ಸೊಸೆಯ ತೊಡೆಯ ಮೇಲಿಟ್ಟು, ಬಸ್ಸಿನಿಂದಿಳಿದು ಕಿಟಕಿಯ ಸರಳು ಹಿಡಿದು ನಿಂತಳು.

“ನೋಡ್ಕೊಂಡು ಬಾ ಆ ಹಾಳು ಬೆಳಕನ್ನ. ದಿನಾ ಫೋನ್ ಮಾಡು. ನಂಗೇ ಮಾಡು. ನಿನ್ ಮಾತು ಬೇರೆಯೋರ ಬಾಯಲ್ಲಿ ಕೇಳಕ್ಕೆ ನಂಗಾಗಲ್ಲ.”