ಅರ್ಧ ಬಯಲಿನ ನಕ್ಷೆ

ಸಂಜೆಯೊಳಗೆ ನಕ್ಷೆ ಕಂಪ್ಯೂಟರಿಗೆ ಏರಬೇಕಿತ್ತು. ಹಿಂದೂಪುರದ ನೇಕಾರರ ಬೀದಿಯ ಶಾಲೆಗೆ ಬಯಲು ಸರಿಮಾಡಿಸಲು ಯಾವುದೋ ಕಂಪನಿ ಅನುದಾನ ಕೊಡುತ್ತದಂತೆ. ಆಟದ ಜಾಗ, ಕಲ್ಲುಬೆಂಚು, ಸುತ್ತ ಬೇಲಿ, ಬೇಲಿಗೆ ಬೀಗ. ಹೆಡ್‌ಮೇಡಂ ರೇವತಿ ನಕ್ಷೆಯ ಕೆಲಸ ಒಪ್ಪಿಸಿದ್ದು ಮುರಳೀಕೃಷ್ಣನಿಗೆ. ಸೀರೆಯಲ್ಲಿ ನೇಯುವ ಬುಟ್ಟಾ ಚಿತ್ತಾರಗಳನ್ನು ಚೌಕಳಿ ಹಾಳೆಯಲ್ಲಿ ಬರೆಯುವುದು ಅವನ ಕಸುಬು.

ಅವನ ಅಪ್ಪ ರಾಮಲಿಂಗಯ್ಯನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಬಯಲಿನ ಪಡುವಣ ಮಗ್ಗುಲಿನ ಬೇವಿನ ಸಾಲಿನಡಿ ಬೀದಿಯವರೆಲ್ಲ ಹಾಸು ಚಾಚುತ್ತಿದ್ದರು. ಸೀರೆಯ ಉದ್ದದೆಳೆಗಳನ್ನು ಈ ಮರದಿಂದ ಆ ಮರಕ್ಕೆ ಬಿಗಿದು, ಕಡಿದ ಎಳೆ ಕೂಡಿಸಿ, ಶಾಲೆಯ ಗಂಟೆಗೆ ಮುಂಚೆ ಕೋಲಿಗೆ ಸುತ್ತಿಕೊಂಡು ಹೋಗುವುದು. ಅವನ ಅವ್ವ ಮಾಡಿದ್ದು, ಹೆಂಡತಿ ಮಾಡಿದ್ದು, ಈಗ ಸೊಸೆ ಮಾಡುವುದು. ಅಷ್ಟುದ್ದದ ಮನೆ ಯಾರಿಗಿದೆ? ಬೀಗ ಬಿದ್ದರೆ ಹಾಸು ಎಲ್ಲಿ ಚಾಚುವುದು?

ಎದ್ದು ಹೋಗಿ ಮಗನ ಹೆಗಲ ಮೇಲಿಂದ ಬಗ್ಗಿ ನೋಡಿದ. ಮೂಡಣದ ಅರ್ಧ ಅಚ್ಚುಕಟ್ಟಾಗಿ ಮೂಡಿತ್ತು: ಕೊಠಡಿಗಳು, ಕೊಳಾಯಿ, ಜಾರುಬಂಡೆ. ಪಡುವಣದ ಅರ್ಧವೇ ಇಲ್ಲ. ಮುರಳಿ ಪೆನ್ಸಿಲ್ ಕೆಳಗಿಟ್ಟು ಟೀ ಕುಡಿಯುತ್ತಿದ್ದ. ಬುಟ್ಟಾ ಬರೆಯುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಉಳಿದರ್ಧ ಕನ್ನಡಿ ಹಿಡಿದ ಹಾಗೆ ಮಗ್ಗದಲ್ಲಿ ತಾನೇ ಬರುತ್ತದೆ. ಕೈಗೆ ಅದೇ ರೂಢಿ.

ರಾಮಲಿಂಗಯ್ಯ ತಪ್ಪು ತೋರಿಸಹೊರಟವನು ತಡೆದ. ನಕ್ಷೆಯಲ್ಲಿ ಇಲ್ಲದ ಜಾಗಕ್ಕೆ ಬೇಲಿ ಬರುವುದಿಲ್ಲವಲ್ಲ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಚಪ್ಪಲಿ ಮೆಟ್ಟಿ ಶಾಲೆಯ ಕಡೆ ಹೋದ. ಊಟದ ಹೊತ್ತು. ಮಕ್ಕಳು ತಟ್ಟೆ ಹಿಡಿದು ಬೇವಿನಡಿಯಲ್ಲೇ ಸಾಲಾಗಿ ಕೂತಿದ್ದರು. ಬಯಲಿನಲ್ಲಿ ಬೇರೆ ನೆರಳಿಲ್ಲ. ನಡುವೆ ಬೇಲಿ ಬಂದರೆ ಇವರು ಬಿಸಿಲಿಗೆ ಬೀಳುತ್ತಾರೆ. ಹೋದಷ್ಟೇ ಬಿರುಸಾಗಿ ವಾಪಸು ಬಂದ. ನಕ್ಷೆ ಒಯ್ಯಲು ರೇವತಿ ಆಗಲೇ ಬಂದು ಕಾಯುತ್ತಿದ್ದಳು.

"ಲೋ ಮುರಳಿ, ಇದು ಬುಟ್ಟಾ ಅಲ್ಲ ಕಣ್ಲಾ. ಆ ಕಡೆ ಅರ್ಧ ತಾನೇ ಬತ್ತದಾ?"

ಮುರಳಿ ನಾಲಿಗೆ ಕಚ್ಚಿಕೊಂಡ. ರೇವತಿ ಹಾಳೆ ತಿರುಗಿಸಿ ನೋಡಿ, ಅರ್ಧ ಸ್ಕೂಲಿಗೆ ಅರ್ಧ ದುಡ್ಡೇ ಕೊಡೋದು ಎಂದು ನಕ್ಕಳು. ಅವನು ಗಡಿಬಿಡಿಯಲ್ಲಿ ಬೇವಿನ ಸಾಲು ಬರೆದ, ಅದರಾಚೆ ಬೇಲಿ ಎಳೆದ. ರಾಮಲಿಂಗಯ್ಯ ಬೇಲಿಯ ಗೆರೆಯ ಮೇಲೆ ಬೆರಳಿಟ್ಟ.

"ಬೀದಿ ಕಡೆಗೆ ಇಲ್ಲೊಂದು ಗೇಟ್ ಬೇಕು ಕಣಮ್ಮ. ಬೀಗ ಹಾಕ್ಕೊಳ್ಳಿ. ಬೀಗದಕೈ ಮಾತ್ರ ಒಂದು ನಮ್ಮ ಬೀದೀಲಿರ್ಲಿ. ಗಂಟೆ ಹೊಡೆಯೋಕೆ ಮುಂಚೆ ಹಾಸು ಸುತ್ಕಂಡು ಹೋಯ್ತೀವಿ."

"ಬೀಗದಕೈ ವಿಷ್ಯ ನಾನೊಬ್ಳೇ ಹೇಳೋಕಾಗಲ್ಲ ತಾತ. ಕಮಿಟೀಲಿ ಕೇಳ್ತೀನಿ."

ಆದರೂ ಪೆನ್ಸಿಲ್ ತಾನೇ ತೆಗೆದುಕೊಂಡು ಗೇಟು ಬರೆದಳು.

ನಕ್ಷೆ ಹೋಯಿತು. ಹೊತ್ತಿಳಿಯುವಾಗ ರಾಮಲಿಂಗಯ್ಯ ಸೊಸೆಯ ಹಾಸುಕೋಲು ಹಿಡಿದು ಮತ್ತೆ ಬಯಲಿಗೆ ಬಂದ. ಗೇಟು ಬರುವ ಕಡೆ ಎರಡು ಕಲ್ಲಿಟ್ಟು, ನಡುವೆ ಕೋಲನ್ನು ಅಡ್ಡ ಹಿಡಿದ. ತಗುಲಿತು. ಒಂದು ಕಲ್ಲನ್ನು ಕಾಲಿನಿಂದ ಆಚೆ ಸರಿಸಿದ. ಕೋಲು ದಾಟಿತು. ನಕ್ಷೆಯಲ್ಲಿ ಹೆಡ್‌ಮೇಡಂ ಗೇಟನ್ನು ಎಷ್ಟಗಲ ಬರೆದಳೋ ನೋಡಿರಲೇ ಇಲ್ಲ. ಕೋಲನ್ನು ಹೆಗಲಿಗೇರಿಸಿ ಅವಳ ಮನೆಯ ದಾರಿ ಹಿಡಿದ.