ಆಯಿಯ ಎರಡು ಕೈ

ನಮ್ಮ ಮನೆಯ ಗೋಡೆಯ ಮೇಲೆ ಒಂಬತ್ತು ವರ್ಷ ಒಂದು ಕೈ ತೂಗುತ್ತಿತ್ತು. ಬಳೆ ತೊಟ್ಟ ಮುಂಗೈ, ಅದರ ಬೆರಳುಗಳು ನಮ್ಮಪ್ಪನ ಹೆಗಲ ಮೇಲೆ. ಆ ಕೈಯ ಒಡತಿ ಅಪ್ಪನ ತಾಯಿ ಕೆಂಚವ್ವ. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಅವಳು ಓಣಿಯ ಆಚೆ, ದೊಡ್ಡಪ್ಪ ಕರಿಸಿದ್ದಪ್ಪನ ಪಡಸಾಲೆಯ ಗೋಡೆಯ ಮೇಲೆ, ಒಂದು ಕೈ ಇಲ್ಲದೆ ಕುಳಿತಿದ್ದಳು.

ಆದದ್ದಿಷ್ಟು. ಎಪ್ಪತ್ತೇಳರಲ್ಲಿ ಅಪ್ಪ ಮತ್ತು ದೊಡ್ಡಪ್ಪ ಬೇರೆಯಾದರು. ಯಾಕೆ ಅಂತ ಕೇಳಿದರೆ ಇಬ್ಬರೂ ಒಂದೊಂದು ಕಾರಣ ಹೇಳುತ್ತಾರೆ, ಎರಡೂ ಕೇಳುವಂಥವಲ್ಲ. ನಮ್ಮೂರು ಮೊರಬದ ಹಿರಿಯರು ನಮ್ಮ ಪಡಸಾಲೆಯಲ್ಲಿ ಕುಳಿತು ಹೊಲ ಪಾಲು ಮಾಡಿದರು, ಹಂಡೆ ಕೊಡ ಪಾಲು ಮಾಡಿದರು, ಜೋಡಿ ಎತ್ತಿನಲ್ಲಿ ಅವನಿಗೊಂದು ಇವನಿಗೊಂದು ಕೊಟ್ಟರು. ಜಮಖಾನೆಯನ್ನು ಮಾತ್ರ ಮರೆತರು. ಅದನ್ನು ಪಾಲು ಮಾಡಬೇಕಾದರೆ ಅದರ ಮೇಲಿಂದ ತಾವೇ ಏಳಬೇಕಾಗುತ್ತಿತ್ತು.

ಕಡೆಗೆ ಉಳಿದದ್ದು ಒಂದು ಫೋಟೋ. ಅಪ್ಪ ಹತ್ತು ವರ್ಷದವನಿದ್ದಾಗ ಊರಿಗೆ ಒಮ್ಮೆ ಬಂದು ಹೋದ ಯಾವನೋ ತೆಗೆದದ್ದು. ಪೋಸ್ಟ್ ಕಾರ್ಡಿನಷ್ಟಿದ್ದ ಕಪ್ಪು ಬಿಳುಪಿನ ಫೋಟೋ. ನಡುವೆ ಖುರ್ಚಿಯ ಮೇಲೆ ಆಯಿ, ಒಂದು ಕಡೆ ಹದಿನಾಲ್ಕು ವರ್ಷದ ದೊಡ್ಡಪ್ಪ, ಇನ್ನೊಂದು ಕಡೆ ಅಪ್ಪ. ಆಯಿಯ ಗಂಡ, ನಮ್ಮ ಮುತ್ಯಾ, ಕುರಿ ಮೇಯಿಸಲು ಹೋದವನು ಫೋಟೋ ಮುಗಿದ ಮೇಲೆ ಬಂದನಂತೆ. ತೀರಿಹೋದ ಆಯಿಯದು ಅಂತ ಇದ್ದದ್ದು ಅದೊಂದೇ ಫೋಟೋ, ಇಬ್ಬರೂ ತನಗೇ ಬೇಕು ಎಂದು ಹಟ ಹಿಡಿದರು. ಹಿರಿಯ ಮಡಿವಾಳೆಪ್ಪನಿಗೆ ಹಸಿವಾಗಿತ್ತು. "ಎಲ್ಲಾ ಎರಡ ಮಾಡೇವಿ, ಇದೂ ಎರಡ ಆಗ್ಲಿ" ಎಂದು ಸಿಂಪಿಗನ ಕತ್ತರಿ ತರಿಸಿದ. ಹಿರಿಮಗ ಅಂತ ಆಯಿಯನ್ನು ದೊಡ್ಡಪ್ಪನ ಕಡೆ ಬಿಟ್ಟು, ಆಯಿಗೂ ಅಪ್ಪನಿಗೂ ನಡುವೆ ನೆಟ್ಟಗೆ ಕತ್ತರಿಸಿದ. ಆಯಿ ಅಪ್ಪನ ಹೆಗಲ ಮೇಲೆ ಇಟ್ಟಿದ್ದ ಕೈ ಅಪ್ಪನ ಜೊತೆ ಬಂತು. ಅಣ್ಣತಮ್ಮಂದಿರು ಅವತ್ತೇ ಮಾತು ಬಿಟ್ಟರು. ಹೊಲ ಹರಗುವ ಕಾಲಕ್ಕೆ ಇಬ್ಬರೂ ಮತ್ತೊಂದು ಎತ್ತಿಗೆ ಊರೆಲ್ಲ ತಿರುಗುತ್ತಿದ್ದರು, ಎದುರು ಮನೆಯ ಎತ್ತು ಮಾತ್ರ ಇಬ್ಬರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎಂಬತ್ತಾರರಲ್ಲಿ ನನ್ನ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ತೀರಿಹೋದ ಹಿರಿಯರ ಮುಂದೆ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವುದು ನಮ್ಮಲ್ಲಿ ಪದ್ಧತಿ.

"ಅತ್ತಿಯವರಿಗೆ ಎಂಥಾ ಸೀರಿ ತರೂದ್ರಿ?" ಅವ್ವ ಕೇಳಿದಳು.

"ಫೋಟೋದಾಗ ಉಟ್ಟಾಳಲ್ಲ, ಅಂಥಾ ಹಸರ ಸೀರಿ."

"ಯಾ ಫೋಟೋದ ಮುಂದ ಇಡೂದು?"

ಅಪ್ಪ ಗೋಡೆಯ ಮೇಲಿನ ಕೈ ತೋರಿಸಿದ. ನನಗೆ ಸಿಟ್ಟು ನೆತ್ತಿಗೇರಿತು.

"ಕೈಗೆ ಸೀರಿ ಉಡಸ್ತೀಯೇನ ಯಪ್ಪಾ?"

ಆಯಿ ಹೋದಾಗ ನನಗೆ ಆರು ವರ್ಷ. ನನ್ನ ಮೂಗು ಅಗದಿ ಅವಳದೇ ಎಂದು ಓಣಿಯ ಹೆಂಗಸರು ಹೇಳುತ್ತಾರೆ, ಆದರೆ ಅವಳ ಮುಖ ನನಗೆ ಮರೆಯುತ್ತಾ ಬಂದಿತ್ತು. ಈ ಮನೆ ಬಿಟ್ಟು ಹೋಗುವ ಮೊದಲು ಆ ಮುಖ ನನ್ನ ಕಣ್ಣಮುಂದೆ ಇರಬೇಕು, ನನ್ನ ತಲೆಯ ಮೇಲೆ ಅಕ್ಷತೆ ಬೀಳುವುದನ್ನು ಅವಳು ನೋಡಬೇಕು ಎಂದು ನನಗೆ ಬಹಳ ಆಸೆಯಿತ್ತು. ದೊಡ್ಡಪ್ಪನನ್ನು ಕೇಳು ಅಂದರೆ ಅಪ್ಪ ಮುಖ ತಿರುಗಿಸಿದ.

"ಅವಂಗ ತಾಯಿ ಸಿಕ್ಕಾಳ, ನನಗ ಕೈಯಷ್ಟ. ನಾ ಯಾಕ ಹೋಗಿ ಕೇಳ್ಲಿ?"

ಮರುದಿನ ಅಪ್ಪ ಹೊಲಕ್ಕೆ ಹೋದದ್ದೇ ತಡ, ಗೋಡೆಯ ಮೇಲಿನ ಅರ್ಧವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿ ದಾಟಿದೆ. ದೊಡ್ಡಪ್ಪ ಹಗ್ಗ ಹೊಸೆಯುತ್ತಿದ್ದ. ಒಂಬತ್ತು ವರ್ಷದ ಮೇಲೆ ಬಂದವಳನ್ನು ಯಾಕೆ ಬಂದೆ ಅನ್ನಲಿಲ್ಲ. ಒಳಗೆ ತಿರುಗಿ "ಚಾ ಇಡ್ರಿ" ಅಂದ. ನಾನು ಫೋಟೋ ಅವನ ಮುಂದೆ ಇಟ್ಟೆ. ಅವನು ಆ ಕೈಯ ಮೇಲೆ ಬೆರಳಾಡಿಸಿದ.

"ನಿಮ್ಮಪ್ಪಗ ಕೈ ಸಿಕ್ತು, ತಂಗಿ. ನನಗ ಬರೇ ಕುಂತ ಅವ್ವ. ನಾನೂ ಬಾಜೂಕ ನಿಂತಿದ್ದೆ, ಆದ್ರ ಆಕಿ ಕೈ ಇಟ್ಟದ್ದು ಅವನ ಮ್ಯಾಲ."

ಮೂವತ್ತು ವರ್ಷದ ಹಿಂದಿನದನ್ನು ನಿನ್ನೆ ಆದದ್ದರಂತೆ ಹೇಳಿದ. ನನಗೆ ನಗುವೂ ಬಂತು, ಪಾಪವೂ ಅನಿಸಿತು. ಇಷ್ಟು ವರ್ಷ ಇಬ್ಬರೂ ದೊಡ್ಡ ಪಾಲು ಇನ್ನೊಬ್ಬನಿಗೆ ಹೋಯಿತು ಅಂತಲೇ ಕೊರಗಿದ್ದರು.

"ಹಂಗಾರ ಎರಡೂ ಕೂಡಸೂಣು, ದೊಡ್ಡಪ್ಪ. ನವಲಗುಂದದಾಗ ಇಮಾಮಹುಸೇನ ಅಂತ ಫೋಟೋದಾಂವ ಅದಾನ."

"ನಿಮ್ಮಪ್ಪ ಏನಂತಾನ?"

"ಅವನಽ ನನ್ನ ಕಳಿಸ್ಯಾನ" ಅಂದೆ. ಸಂಜೆ ಅಪ್ಪನಿಗೆ, ದೊಡ್ಡಪ್ಪ ತಾನಾಗಿಯೇ ಹೇಳಿ ಕಳಿಸಿದ ಅಂದೆ. ಮದುವೆ ಹುಡುಗಿಗೆ ಎರಡು ಸುಳ್ಳು ಮಾಫಿ ಇರಬೇಕು.

ಇಬ್ಬರೂ ಒಂದೇ ಬಸ್ಸಿಗೆ ಬಂದರು. ಒಬ್ಬ ಡ್ರೈವರನ ಹಿಂದೆ ಕುಳಿತ, ಇನ್ನೊಬ್ಬ ಕಟ್ಟಕಡೆಯ ಸೀಟಿನಲ್ಲಿ. ನಾನು ನಡುವೆ ಕುಳಿತು ಇಬ್ಬರನ್ನೂ ಕಾಯ್ದೆ. ಸ್ಟುಡಿಯೋದಲ್ಲಿ ಇಮಾಮಹುಸೇನ ಎರಡೂ ಅರ್ಧಗಳನ್ನು ಟೇಬಲ್ಲಿನ ಮೇಲೆ ಜೋಡಿಸಿದ. ಎರಡನ್ನೂ ಸೇರಿಸಿ ಹೊಸದಾಗಿ ಫೋಟೋ ತೆಗೆದು, ಕತ್ತರಿಯ ಗೆರೆಯನ್ನು ಕುಂಚದಿಂದ ಮುಚ್ಚಿ, ದೊಡ್ಡದು ಮಾಡಿ ಕೊಡುತ್ತೇನೆ, ಎಂಟು ದಿನ ಬಿಟ್ಟು ಬರ್ರಿ ಅಂದ.

ಎಂಟನೆಯ ದಿನ ಮತ್ತೆ ಮೂವರೂ ಹೋದೆವು. ಅವನು ಕ್ಯಾಲೆಂಡರಿನಷ್ಟು ದೊಡ್ಡ ಫೋಟೋ ತಂದು ಬೆಳಕಿಗೆ ಹಿಡಿದ. ಇಬ್ಬರು ಮಕ್ಕಳ ನಡುವೆ ಆಯಿ ಪೂರ್ತಿಯಾಗಿ ಕುಳಿತಿದ್ದಳು. ಮೂಗು ನನ್ನದೇ. ನಾನು ಅಲ್ಲೇ, ಬೇರೆ ಗಿರಾಕಿಗಳ ಮುಂದೆಯೇ ಅತ್ತುಬಿಟ್ಟೆ.

"ಇದನ್ನ ನೋಡ್ರಿ ಯಜಮಾನ್ರ" ಎಂದು ಇಮಾಮಹುಸೇನ ದೊಡ್ಡಪ್ಪನ ಕೈಗೆ ಭೂತಗನ್ನಡಿ ಕೊಟ್ಟ. "ಸಣ್ಣ ಫೋಟೋದಾಗ ಇದು ಕಾಣ್ತಿರ್ಲಿಲ್ರಿ."

ದೊಡ್ಡಪ್ಪ ನಿಂತಿದ್ದ ಕಡೆ, ಸೀರೆಯ ನೆರಿಗೆಗಳ ಕಪ್ಪಿನಲ್ಲಿ, ಆಯಿಯ ಇನ್ನೊಂದು ಕೈ ಇತ್ತು. ಮುಷ್ಟಿ ಬಿಗಿಹಿಡಿದಿತ್ತು. ಆ ಮುಷ್ಟಿಯೊಳಗೆ ದೊಡ್ಡಪ್ಪನ ಅಂಗಿಯ ಚುಂಗು.

ಮೊದಲು ನಕ್ಕವನು ಅಪ್ಪ. "ಅವತ್ತ ಫೋಟೋದಾಂವ ತಲಿ ಮ್ಯಾಲ ಕರೇ ಅರಿವಿ ಹೊದ್ಕೊಂಡದ್ದ ಕಂಡು ನೀ ಓಡಾಕ ಹತ್ತಿದ್ದಿ, ಅಣ್ಣ. ಅದಕ್ಕ ಹಿಡಕೊಂಡಾಳ."

ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ದೊಡ್ಡಪ್ಪ ಗಾಜಿನಿಂದ ಕಣ್ಣು ತೆಗೆಯಲಿಲ್ಲ.

"ಹೌದಲೇ" ಅಂದ. "ಆಕಿ ಜಗ್ಗಿದ್ದಕ್ಕ ಅಂಗಿ ಗುಂಡಿ ಕಿತ್ತಿತ್ತು. ನಾ ಮರತಽ ಬಿಟ್ಟಿದ್ದೆ." ಧೋತರದ ಚುಂಗಿನಿಂದ ಮೊದಲು ಗಾಜು ಒರೆಸಿದ, ಆಮೇಲೆ ಕಣ್ಣು.

ಕಥೆ ಅಲ್ಲಿಗೇ ಮುಗಿದಿದ್ದರೆ ಅವರು ನಮ್ಮ ಮನೆಯವರೇ ಅಲ್ಲ. ಹೊರಗೆ ಬಂದು ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಅಪ್ಪ ಅಂದ: "ಹಸರ ಸೀರಿ ಎಷ್ಟ ಚಂದ ಬಂದೈತಿ ನೋಡು."

"ಹಸರ ಎಲ್ಲೈತಿ? ಅದು ದಾಳಂಬರಿ ಬಣ್ಣದ್ದು."

"ನನ್ನ ಕಣ್ಣಾರೆ ನೋಡೇನಿ, ಹಸರ."

"ನೀ ಹತ್ತ ವರ್ಷದಾಂವ, ನಿನಗೇನ ತಿಳೀತಿತ್ತು?"

ತಿರುಗಿ ಸ್ಟುಡಿಯೋಕ್ಕೆ ಹೋಗಿ ಇಮಾಮಹುಸೇನನನ್ನು ಕೇಳಿದರು. "ನನ್ನ ಕೇಳಬ್ಯಾಡ್ರಿ, ನನಗ ಕಾಣೂದು ಕರೇದು ಬಿಳೇದು ಅಷ್ಟ" ಅಂದ ಅವನು. ಜಗಳ ಬಟ್ಟೆ ಅಂಗಡಿಗೆ ಬಂತು. ಅಂಗಡಿಯವನು ಹಸಿರು, ದಾಳಿಂಬೆ ಬಣ್ಣದ ಎರಡೂ ಇಳಕಲ್ ಸೀರೆಗಳನ್ನು ಕಟ್ಟಿಕೊಟ್ಟು ಕೈಮುಗಿದ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು ಮೊರಬದವರೆಗೂ ಜಗಳಾಡಿದರು. ನಾನು ಆರಾಮವಾಗಿ ಕಿಟಕಿಯ ಬಳಿ ನಿದ್ದೆ ಮಾಡಿದೆ.

ಮದುವೆಯಲ್ಲಿ ಆಯಿ ಮಣೆಯ ಮೇಲೆ ಕುಳಿತಳು, ಮುಂದೆ ಎರಡು ಸೀರೆ. ಅಕ್ಷತೆ ಬೀಳುವಾಗ ನಾನು ಅವಳನ್ನೇ ನೋಡುತ್ತಿದ್ದೆ. ಆಮೇಲೆ ಮನೆಯವರೆಲ್ಲರ ಫೋಟೋ ತೆಗೆಯಲು ಇಮಾಮಹುಸೇನ ನಿಂತ. ಅವ್ವನಿಗೆ ಬಣ್ಣದ ಫೋಟೋ ಬೇಕಿತ್ತು. ಅಪ್ಪ ಒಪ್ಪಲಿಲ್ಲ.

"ಕಪ್ಪು ಬಿಳುಪ ತಗೀರಿ. ಮುಂದ ಇವರ ಮಕ್ಕಳಿಗೂ ಜಗಳಾಡಾಕ ಏನರ ಇರ್ಲಿ."

ದೊಡ್ಡಪ್ಪ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿದ್ದ. "ನಿಮ್ಮ ಮನಿ ಫೋಟೋ, ನಾ ಯಾಕ" ಅನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅಷ್ಟರಲ್ಲಿ ಇಮಾಮಹುಸೇನ "ರೆಡಿ" ಅಂದ.

ಆ ಫೋಟೋ ಈಗ ನನ್ನ ಗಂಡನ ಮನೆಯಲ್ಲಿದೆ. ಅದರಲ್ಲಿ ಅಪ್ಪ ಏನೂ ಅರಿಯದವನ ಹಾಗೆ ನೆಟ್ಟಗೆ ಮುಂದೆ ನೋಡುತ್ತಿದ್ದಾನೆ. ಅವನ ಎಡಗೈ ಮಾತ್ರ ದೊಡ್ಡಪ್ಪನ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದಿದೆ. ಅಂಗಿಯ ಕೆಳಗಿನ ಗುಂಡಿ ಇಲ್ಲ.