ವಾಚನಾಲಯಕ್ಕೆ ಬಂದ ತಕರಾರು

ಇಮಾಮಹುಸೇನ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರ ನಡೆಸುತ್ತಿದ್ದ. ತಂಗಿಯ ಮದುವೆಯಾದ ಮೇಲೆ ಬೆಂಗೇರಿಯ ಮನೆಯಲ್ಲಿ ಅವನೊಬ್ಬನೇ. ಲೇಥಿನ ಸದ್ದಿನಲ್ಲಿ ಮಾತಿಗೆ ಜಾಗವಿಲ್ಲ. ದಿನಕ್ಕೆ ಅವನು ಆಡುತ್ತಿದ್ದ ಮಾತೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು, ವಾರ್ಡಿನ ವಾಚನಾಲಯದಲ್ಲಿ, ಹತ್ತಿ ವ್ಯಾಪಾರಿ ಕುಬೇರಪ್ಪನ ಜೊತೆ.

ಇಬ್ಬರೂ ಬೇರೆ ಬೇರೆ ಪಕ್ಷದವರು. ಒಂದೇ ಪತ್ರಿಕೆಯ ಹಾಳೆ ಬಿಡಿಸಿ ಹಂಚಿಕೊಂಡು ಓದುವರು, ಓದಿದ್ದಕ್ಕೆಲ್ಲ ಜಗಳಾಡುವರು. ಹದಿನೆಂಟು ವರ್ಷ ಹೀಗೇ ನಡೆದಿತ್ತು.

ಫೆಬ್ರವರಿಯಲ್ಲಿ ವಾರ್ಡ್ ಕಚೇರಿಯವರು ವಾಚನಾಲಯದ ಬಾಗಿಲಿಗೆ ನೋಟೀಸು ಅಂಟಿಸಿದರು. ಎಲ್ಲರ ಕೈಯಲ್ಲೂ ಫೋನ್ ಇರುವುದರಿಂದ ವಾಚನಾಲಯ ಮುಚ್ಚುತ್ತೇವೆ. ತಕರಾರಿದ್ದವರು ಗುರುವಾರ ಹನ್ನೊಂದು ಗಂಟೆಗೆ ಆನ್‌ಲೈನ್ ಸಭೆಯಲ್ಲಿ ಹೇಳಬಹುದು.

ಇಮಾಮಹುಸೇನ ವಾರ್ಡಿನ ವಾಟ್ಸ್ಯಾಪ್ ಗುಂಪಿನಲ್ಲಿ, ಎಲ್ಲರೂ ಸಭೆಗೆ ಬರಬೇಕೆಂದು ಬರೆದ. ನಲವತ್ತಮೂರು ಮಂದಿ ಹೆಬ್ಬೆರಳು ಎತ್ತಿದರು. ಮೊದಲು ಎತ್ತಿದವನು ಕುಬೇರಪ್ಪ.

ಗುರುವಾರ ಇಮಾಮಹುಸೇನ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನನ್ನು ತಂಬಿಗೆಗೆ ಆನಿಸಿ ಕೂತ. ಪರದೆಯ ಮೇಲೆ ವಾರ್ಡ್ ಕಚೇರಿಯ ಅಧಿಕಾರಿ ಭಾಗ್ಯಶ್ರೀ ಒಬ್ಬಳೇ ಇದ್ದಳು.

“ಇನ್ನ ಯಾರರ ಬರೋರು ಅದಾರೇನ್ರಿ?” ಎಂದು ಕೇಳಿದಳು.

“ಬರ್ತಾರ್ರಿ ಮೇಡಂ. ಭಾಳ ಮಂದಿ ಬರ್ತೇವಂದಾರ.”

ಇಪ್ಪತ್ತು ನಿಮಿಷ ಕಾದರು. ಆಕೆ ಬೇರೆ ಫೈಲು ತಿರುವಿದಳು. ಅವನು ತನ್ನದೇ ಮುಖ ನೋಡುತ್ತ ಕೂತ. ಯಾರೂ ಬರಲಿಲ್ಲ.

“ನೀವರ ಹೇಳ್ರಿ, ನಾ ಬರಕೋತೀನಿ,” ಎಂದಳು ಭಾಗ್ಯಶ್ರೀ.

ಚೀಟಿಯಲ್ಲಿ ಅವನು ‘ನಾವು ಬೆಂಗೇರಿಯ ನಾಗರಿಕರು’ ಎಂದು ಬರೆದುಕೊಂಡಿದ್ದ. ಅದನ್ನು ಓದದೆ ಮಡಚಿ ಪಕ್ಕಕ್ಕಿಟ್ಟ.

“ನನಗ ಆ ವಾಚನಾಲಯದ ಕೋಲಿ ಬೇಕ್ರಿ,” ಎಂದ. “ಫೋನಿನ್ಯಾಗ ಸುದ್ದಿ ಸಿಗ್ತೈತಿ, ಖರೇ. ಆದ್ರ ಅಲ್ಲೆ ಮಂದಿ ಮಾರಿ ನೋಡಿ ಜಗಳ ಮಾಡ್ತಾರ್ರಿ. ಮರುದಿನ ಮತ್ತ ಅಲ್ಲೇ ಬಂದು ಕುಂದ್ರತಾರ.”

ಆಕೆ ಒಂದಕ್ಷರವೂ ಬಿಡದೆ ಬರೆದುಕೊಂಡು ಓದಿ ಹೇಳಿದಳು. ವಾರದ ಮೇಲೆ ನಡಾವಳಿ ಬಂತು. ಭಾಗವಹಿಸಿದ ನಾಗರಿಕರು: ಒಬ್ಬರು. ತಕರಾರು: ಒಂದು. ಮಾರ್ಚ್ ಮೊದಲ ತಾರೀಖಿಗೆ ವಾಚನಾಲಯಕ್ಕೆ ಕೀಲಿ ಬಿತ್ತು.

ಅವನು ಕುಬೇರಪ್ಪನ ಅಂಗಡಿಗೇ ಹೋಗಿ ಕೇಳಿದ, “ಯಾಕ ಬರಲಿಲ್ಲೋ?”

“ಗಿರಾಕಿ ಇದ್ರು, ಹುಸೇನಾ. ಮತ್ತ ನಾ ಗುಂಪಿನ್ಯಾಗ ಒಪ್ಪಿಗಿ ಕೊಟ್ಟಿದ್ನಲ್ಲ?” ಕುಬೇರಪ್ಪನಿಗೆ ನಿಜವಾಗಿಯೂ ತನ್ನ ತಪ್ಪೇನೆಂದು ತಿಳಿದಿರಲಿಲ್ಲ.

ಆಮೇಲೆ ಕುಬೇರಪ್ಪ ದಿನಾ ಬೆಳಿಗ್ಗೆ ಫೋನಿಗೆ ಒಂದೊಂದು ವಿಡಿಯೋ ಕಳಿಸತೊಡಗಿದ. ಒಂದು ದಿನ ಬಂದದ್ದು ಶುದ್ಧ ಸುಳ್ಳಾಗಿತ್ತು. ಇಮಾಮಹುಸೇನ ಅರ್ಧ ತಾಸು ಕೂತು, ಯಾಕೆ ಸುಳ್ಳೆಂದು ವಿವರವಾಗಿ ಬರೆದು ಕಳಿಸಿದ. ಉತ್ತರವಾಗಿ ಮುಗಿದ ಕೈಗಳ ಚಿತ್ರ ಬಂತು. ಎದುರಿಗಿದ್ದಿದ್ದರೆ ಕುಬೇರಪ್ಪ ಮೇಜು ಕುಟ್ಟಿ ಬೈಯುತ್ತಿದ್ದ.

ತಡೆಯಲಾರದೆ ಫೋನ್ ಮಾಡಿದ.

“ಏನರ ಅರ್ಜೆಂಟ್ ಐತೇನೋ?” ಎಂದ ಕುಬೇರಪ್ಪ.

“ಇಲ್ಲ. ಸುಮ್ನ ಮಾಡಿದೆ.”

“ಹಂಗಾರ ಆಮ್ಯಾಲೆ ಮಾತಾಡೂಣು.”

ಕೆಲಸಕ್ಕೆ ಇನ್ನೂ ಒಂದು ತಾಸಿತ್ತು. ಅವನು ಅಂದು ಲಗೂನೇ ಹೋಗಿ ಲೇಥ್ ಚಾಲೂ ಮಾಡಿದ.